ಗಡಿಯ ಎರಡೂ ಕಡೆ ನಿಲ್ಲುವ ದೊಡ್ಡ ಪಕ್ಷ ಶಿನ್ ಫೇನ್ ಒಂದೇ ಯಾಕೆ?

ಡಂಡಾಕ್ ನಿವಾಸಿ (ಚರ್ಚೆ ಶುರು ಮಾಡಿದವರು)

ನಾನಿರುವುದು ಐರ್ಲೆಂಡಿನ ಡಂಡಾಕ್ ಊರಲ್ಲಿ. ಡಬ್ಲಿನ್‌ಗೂ ಬೆಲ್‌ಫಾಸ್ಟ್‌ಗೂ ಹೆಚ್ಚುಕಡಿಮೆ ನಡುಮಧ್ಯ. ಗಡಿಯಾಚೆ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ನ್ಯೂರಿ ಇಲ್ಲಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು. ದಾರಿಯಲ್ಲಿ ಚೆಕ್‌ಪೋಸ್ಟ್ ಇಲ್ಲ, ಗೇಟಿಲ್ಲ, ಕೈ ಅಡ್ಡ ಹಿಡಿಯುವ ಪೊಲೀಸರಿಲ್ಲ. ರಸ್ತೆಯಂಚಿನ ಹಳದಿ ಗೆರೆ ಬಿಳಿಯಾಗುತ್ತದೆ, ವೇಗದ ಫಲಕದಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬರುತ್ತದೆ, ಅಷ್ಟೆ. ನಮ್ಮ ಪಕ್ಕದ ಮನೆಯವರು ವಾರದ ಸಾಮಾನು ತರಲು ಆಚೆ ಹೋಗಿ ಬರುತ್ತಾರೆ. ಭಾರತದ ಪಾಸ್‌ಪೋರ್ಟ್ ಹಿಡಿದ ನಾನು ಹೋಗಬೇಕೆಂದರೆ ಮಾತ್ರ ಬ್ರಿಟನ್ನಿನ ವೀಸಾ ಬೇಕು. ಮಾಡಿಸಿಕೊಂಡು ಎರಡು ಸಲ ಹೋಗಿದ್ದೇನೆ. ಹಾಗಾಗಿ, ಬೇರೆಯವರಿಗೆ ಕಾಣದ ಈ ಗಡಿ ನನಗೆ ಯಾವಾಗಲೂ ಕಾಣುತ್ತಲೇ ಇರುತ್ತದೆ. ಇದರ ಬಗ್ಗೆ ಓದಲು ಶುರು ಮಾಡಿದ್ದೂ ಅದಕ್ಕೇ.

2024ರಲ್ಲಿ ಎರಡೂ ಕಡೆ ಚುನಾವಣೆ ನಡೆಯಿತು. ಜುಲೈನಲ್ಲಿ ಆಚೆ, ಲಂಡನ್ ಪಾರ್ಲಿಮೆಂಟಿಗೆ. ನವೆಂಬರಿನಲ್ಲಿ ಈಚೆ, ಡಬ್ಲಿನ್ನಿನ ಡಾಲ್‌ಗೆ, ಅಂದರೆ ಇಲ್ಲಿನ ಲೋಕಸಭೆಗೆ. ನಮ್ಮ ಬೀದಿಯ ಕಂಬಗಳ ಮೇಲೆ ಫೀನ ಫಾಲ್, ಫಿನ್ನ ಗೇಲ್, ಶಿನ್ ಫೇನ್ ಮೂರರ ಮುಖಗಳೂ ಇದ್ದವು. ಮೂರೂ ಪಕ್ಷಗಳು ದ್ವೀಪ ಒಂದಾಗಬೇಕು ಎನ್ನುತ್ತವೆ. ಆದರೆ ಗಡಿ ದಾಟಿದರೆ ಶಿನ್ ಫೇನ್ ಮಾತ್ರ ಉಳಿಯುತ್ತದೆ. ಉತ್ತರದವರದ್ದೇ ಆದ ಎಸ್‌ಡಿಎಲ್‌ಪಿ ಇದೆ, ಅದು ದಕ್ಷಿಣಕ್ಕೆ ಬರುವುದಿಲ್ಲ. ನೂರು ವರ್ಷ ಐಕ್ಯತೆಯ ಮಾತಾಡಿದ ಪಕ್ಷಗಳು ಇಪ್ಪತ್ತು ಕಿಲೋಮೀಟರ್ ಆಚೆ ಹೋಗಿ ಮತ ಕೇಳಲಿಲ್ಲ ಯಾಕೆ? ತಿಳಿದವರು ಬಿಡಿಸಿ ಹೇಳಿ.

ಉಣಕಲ್ ಕೆರಿ ದಂಡಿ

ನಂದೂ ಎರಡು ಪ್ರಶ್ನೆ ಅದಾವ್ರಿ. ಶಿನ್ ಫೇನ್‌ನವರು ಗೆದ್ದ ಮ್ಯಾಲೂ ಲಂಡನ್ ಪಾರ್ಲಿಮೆಂಟಿಗೆ ಹೋಗೂದಿಲ್ಲಂತ, ಖರೇನ? ಹೋಗದವ್ರಿಗೆ ಮಂದಿ ಯಾಕ ವೋಟ್ ಹಾಕ್ತಾರ? ಇನ್ನೊಂದು, ಅಷ್ಟು ಹಳೇ ಪಕ್ಷ ಅಂದ್ರ ದಕ್ಷಿಣದಾಗ ಇತ್ತೀಚಿಗೆ ದೊಡ್ಡದಾಗಿದ್ದು ಹೆಂಗ?

ಹಳೆ ಪೇಪರ್ ಓದುಗ

ನಿವಾಸಿಯವರೇ, ನಿಮ್ಮ ಪ್ರಶ್ನೆಗೆ ಉತ್ತರ 1921ರಲ್ಲಿದೆ. ಸ್ವಲ್ಪ ಉದ್ದ ಆಗುತ್ತೆ.

1905ರಲ್ಲಿ ಆರ್ಥರ್ ಗ್ರಿಫಿತ್ ಶಿನ್ ಫೇನ್ ಕಟ್ಟಿದಾಗ ಅವರ ಮುಖ್ಯ ವಿಚಾರ ಇಷ್ಟು: ಲಂಡನ್ನಿಗೆ ಹೋಗಿ ಬೇಡುವುದು ಬೇಡ. ಐರ್ಲೆಂಡ್ ಪ್ರತಿನಿಧಿಗಳು ಅಲ್ಲಿ ಕೂರದೆ ಇಲ್ಲೇ ತಮ್ಮ ಸಭೆ ಕಟ್ಟಿಕೊಳ್ಳಬೇಕು. ಆಸ್ಟ್ರಿಯಾದ ಚಕ್ರಾಧಿಪತ್ಯದೊಳಗೆ ಹಂಗೇರಿಯವರು ಮಾಡಿದ್ದೇ ಅವರಿಗೆ ಮಾದರಿ. 1918ರ ಚುನಾವಣೆಯಲ್ಲಿ ಐರ್ಲೆಂಡಿನ 105 ಸ್ಥಾನಗಳಲ್ಲಿ 73 ಶಿನ್ ಫೇನ್ ಪಾಲಾದವು. ಗೆದ್ದವರಲ್ಲಿ ಯಾರೂ ಲಂಡನ್ನಿಗೆ ಹೋಗಲಿಲ್ಲ. ಜೈಲಿನ ಹೊರಗಿದ್ದವರು 1919ರ ಜನವರಿ 21ರಂದು ಡಬ್ಲಿನ್ನಿನ ಮ್ಯಾನ್ಷನ್ ಹೌಸ್‌ನಲ್ಲಿ ಡಾಲ್ ಸೇರಿಸಿದರು. ಉಣಕಲ್‌ನವರೇ, ನಿಮ್ಮ ಮೊದಲ ಪ್ರಶ್ನೆಯ ಬೇರು ಇಲ್ಲಿದೆ. ಲಂಡನ್ ಸಭೆಯಲ್ಲಿ ಕೂರಬೇಕೆಂದರೆ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕು. ಅದನ್ನು ಮಾಡುವುದಿಲ್ಲ ಎಂದು ಹೇಳಿಯೇ ಅವರು ಮತ ಕೇಳುತ್ತಾರೆ. ಮತ ಹಾಕುವವನಿಗೆ ಅದು ಮೊದಲೇ ಗೊತ್ತಿರುತ್ತದೆ, ಅವನ ಮತವೂ ಅದಕ್ಕೇ.

ಅದೇ 1918ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಆಗಿನ ಶಿನ್ ಫೇನ್ ಅಧ್ಯಕ್ಷ ಡಿ ವಲೇರಾ ಬೆಲ್‌ಫಾಸ್ಟಿನ ಫಾಲ್ಸ್ ಕ್ಷೇತ್ರದಲ್ಲಿ ನಿಂತು ಸೋತರು. ಸೋಲಿಸಿದ್ದು ಬ್ರಿಟನ್ ಜೊತೆಯೇ ಇರಬೇಕೆನ್ನುವ ಯೂನಿಯನಿಸ್ಟರಲ್ಲ, ಬ್ರಿಟನ್ನಿನೊಳಗೇ ಸ್ವಯಮಾಡಳಿತ ಕೇಳುತ್ತಿದ್ದ ಹಳೆಯ ಹೋಮ್ ರೂಲ್ ಪಕ್ಷದ ಜೋ ಡೆವ್ಲಿನ್. ಅಂದರೆ ಗಡಿ ಹುಟ್ಟುವ ಮುಂಚೆಯೇ ಉತ್ತರದ ರಾಷ್ಟ್ರವಾದಿಗಳ ದಾರಿ ಸ್ವಲ್ಪ ಬೇರೆ ಇತ್ತು. ಸುತ್ತ ಯೂನಿಯನಿಸ್ಟರ ನಡುವೆ ಬದುಕುವವರಿಗೆ ಲಂಡನ್ನಿನಲ್ಲಿ ಮಾತಾಡುವ ಒಬ್ಬ ಬೇಕಿತ್ತು.

1921ರ ಮೇ ತಿಂಗಳಲ್ಲಿ ದ್ವೀಪ ಒಡೆಯಿತು. ಆರು ಕೌಂಟಿ, ಅಂದರೆ ಜಿಲ್ಲೆ, ಆಚೆ; ಇಪ್ಪತ್ತಾರು ಈಚೆ. ಉತ್ತರದ ಹೊಸ ಸಭೆಯ 52 ಸ್ಥಾನಗಳಲ್ಲಿ ಯೂನಿಯನಿಸ್ಟರಿಗೆ 40, ಶಿನ್ ಫೇನ್‌ಗೆ 6, ಡೆವ್ಲಿನ್ ಕಡೆಯವರಿಗೆ 6. ಗೆದ್ದವರಲ್ಲಿ ಸ್ವಾತಂತ್ರ್ಯ ಹೋರಾಟದ ನಾಯಕ ಮೈಕೇಲ್ ಕಾಲಿನ್ಸ್ ಒಬ್ಬರು, ಆರ್ಮಾದಿಂದ! ಡಿ ವಲೇರಾ ಡೌನ್ ಕೌಂಟಿಯಿಂದ. ದಕ್ಷಿಣದ ದೊಡ್ಡ ನಾಯಕರೆಲ್ಲ ಒಮ್ಮೆ ಉತ್ತರದ ಪ್ರತಿನಿಧಿಗಳೂ ಆಗಿದ್ದರು. ಯಾರೂ ಅಲ್ಲಿ ಹೋಗಿ ಕೂರಲಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟನ್ ಜೊತೆ ಒಪ್ಪಂದ ಆಯಿತು. ಅದನ್ನು ಒಪ್ಪಬೇಕೋ ಬೇಡವೋ ಎಂದು ಡಾಲ್‌ನಲ್ಲಿ ನಡೆದ ಚರ್ಚೆಯಲ್ಲಿ ಹೆಚ್ಚು ಹೊತ್ತು ಹಿಡಿದಿದ್ದು ದೊರೆಗೆ ಮಾಡುವ ಪ್ರಮಾಣದ ವಿಷಯ. ಗಡಿಯ ವಿಷಯಕ್ಕೆ ಸಿಕ್ಕ ಹೊತ್ತು ತೀರಾ ಕಡಿಮೆ. ಗಡಿ ಆಯೋಗ ಬರುತ್ತದೆ, ಅದು ಸರಿ ಮಾಡುತ್ತದೆ ಎಂದು ಎಲ್ಲರೂ ನಂಬಿದ್ದರು. 1925ರಲ್ಲಿ ಆಯೋಗದ ವರದಿ ಪತ್ರಿಕೆಗೆ ಸೋರಿತು, ಗದ್ದಲವಾಯಿತು, ವರದಿಯನ್ನು ಮುಚ್ಚಿಟ್ಟರು, ಗಡಿ ಇದ್ದಲ್ಲೇ ಇತ್ತು. ಅಷ್ಟರಲ್ಲಿ ದಕ್ಷಿಣದಲ್ಲಿ ಅಂತರ್ಯುದ್ಧ ನಡೆದು ಮುಗಿದಿತ್ತು. ಇವತ್ತಿನ ಫಿನ್ನ ಗೇಲ್ ಒಪ್ಪಂದದ ಪರ ಇದ್ದವರ ಕುಡಿ, 1926ರ ಫೀನ ಫಾಲ್ ವಿರೋಧಿಸಿದವರ ಕುಡಿ. ಎರಡೂ ಹಳೇ ಶಿನ್ ಫೇನ್‌ನ ಹೊಟ್ಟೆಯಿಂದ ಬಂದವೇ. ಆದರೆ ಅವುಗಳ ಜಗಳ ದಕ್ಷಿಣದೊಳಗಿನ ಜಗಳ. ಆರ್ಮಾದ ರೈತನಿಗೆ, ಡೆರಿಯ ಕೂಲಿಯವನಿಗೆ ಆ ಜಗಳದಲ್ಲಿ ಜಾಗವೇ ಇರಲಿಲ್ಲ.

ಡಂಡಾಕ್ ನಿವಾಸಿ

ಕಾಲಿನ್ಸ್ ಆರ್ಮಾದಿಂದ ಗೆದ್ದಿದ್ದರು ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಆದರೂ ಕೇಳುತ್ತೇನೆ. ಜಗಳ ದಕ್ಷಿಣದ್ದು, ಸರಿ. ಅಧಿಕಾರ ಕೈಗೆ ಬಂದ ಮೇಲಾದರೂ ಆಚೆಯವರನ್ನು ಸೇರಿಸಿಕೊಳ್ಳಬಹುದಿತ್ತಲ್ಲ?

ಹಳೆ ಪೇಪರ್ ಓದುಗ

ಬಾಗಿಲು ಬಡಿದರು, ತೆರೆಯಲಿಲ್ಲ. ಡಿ ವಲೇರಾಗೆ ಉತ್ತರಕ್ಕೆ ಕಾಲಿಡದಂತೆ ನಿಷೇಧವಿತ್ತು. 1929ರಲ್ಲಿ ಬೆಲ್‌ಫಾಸ್ಟ್‌ಗೆ ಹೋಗುವಾಗ ಬಂಧನಕ್ಕೊಳಗಾಗಿ ಒಂದು ತಿಂಗಳು ಜೈಲಿನಲ್ಲಿದ್ದರು. 1933ರಲ್ಲಿ, ಡಬ್ಲಿನ್ನಿನಲ್ಲಿ ಸರ್ಕಾರ ನಡೆಸುತ್ತಿದ್ದಾಗಲೇ, ಸೌತ್ ಡೌನ್ ಕ್ಷೇತ್ರದಿಂದ ಉತ್ತರದ ಸಭೆಗೂ ಆಯ್ಕೆಯಾದರು. ಹೋಗಿ ಕೂರಲಿಲ್ಲ. ಮನಸ್ಸು ಆ ಕಡೆ ಇತ್ತು. ಆದರೆ ಉತ್ತರದ ಪ್ರತಿನಿಧಿಗಳು, ನಮಗೆ ಡಾಲ್‌ನಲ್ಲಿ ಜಾಗ ಕೊಡಿ ಎಂದು ಕೇಳಿದಾಗ ಒಪ್ಪಲಿಲ್ಲ. ಅವರ ನಂತರದವರೂ ಒಪ್ಪಲಿಲ್ಲ. ಕಷ್ಟಪಟ್ಟು ಕಟ್ಟಿದ ರಾಜ್ಯದ ಒಳಗೆ ಆರು ಕೌಂಟಿಗಳ ಬೆಂಕಿ ಬರಬಾರದು ಎಂಬ ಭಯ ಎಂದೇ ನಾನು ಓದಿಕೊಳ್ಳುತ್ತೇನೆ.

ಒಂದು ಸಲ ದಕ್ಷಿಣದವರೆಲ್ಲ ಸೇರಿ ಕೈ ಹಾಕಿದರು. 1949ರ ಜನವರಿ. ಡಬ್ಲಿನ್ನಿನಲ್ಲಿ ಎಲ್ಲಾ ಪಕ್ಷಗಳ ಸಭೆ ಸೇರಿ, ಉತ್ತರದ ವಿಭಜನಾ ವಿರೋಧಿ ಅಭ್ಯರ್ಥಿಗಳಿಗೆ ಹಣ ಎತ್ತಲು ತೀರ್ಮಾನವಾಯಿತು. ಭಾನುವಾರ ಚರ್ಚಿನ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತರು. ಜನ ಪ್ರೀತಿಯಿಂದಲೇ ಹಾಕಿದರು. ಅದನ್ನೇ ಯೂನಿಯನಿಸ್ಟರು ಊರೂರಿಗೆ ತೋರಿಸಿದರು: ನೋಡಿ, ಕ್ಯಾಥೊಲಿಕ್ ಚರ್ಚಿನ ಬಾಗಿಲಿನ ದುಡ್ಡು ನಮ್ಮ ಮೇಲೆ ಬರುತ್ತಿದೆ ಅಂತ. ಯೂನಿಯನಿಸ್ಟರ ಮತ ಏರಿತು. ಎರಡೂ ಧರ್ಮದ ಕಾರ್ಮಿಕರನ್ನು ಒಟ್ಟಿಗೆ ಇಟ್ಟುಕೊಂಡಿದ್ದ ಉತ್ತರದ ಲೇಬರ್ ಪಕ್ಷ ಅಲ್ಲಿನ ಶಾಸನಸಭೆಯಲ್ಲಿ ಇದ್ದ ಸ್ಥಾನಗಳನ್ನೂ ಕಳೆದುಕೊಂಡಿತು. ಗಡಿಯ ಈಚೆಯಿಂದ ಆಚೆಗೆ ದುಡ್ಡು ಕಳಿಸಿದ ಮಾತ್ರಕ್ಕೆ ಸಂಘಟನೆ ಆಗುವುದಿಲ್ಲ, ನಿವಾಸಿಯವರೇ.

ಲಗಾನ್ ತೀರದಾಕೆ

ನಾನು ಬೆಲ್‌ಫಾಸ್ಟಿನಲ್ಲಿ ಇಪ್ಪತ್ತು ವರ್ಷದಿಂದ ನರ್ಸ್. ಊರು ಪುತ್ತೂರು ಕಡೆ. ನಿವಾಸಿ ತಮ್ಮಾ, ನಿಮಗೆ ಒಂದು ವಿಚಿತ್ರ ಹೇಳ್ತೇನೆ. ಇಲ್ಲಿಗೆ ಬಂದಾಗ ನನ್ನ ಕೈಯಲ್ಲಿದ್ದದ್ದೂ ಭಾರತದ ಪಾಸ್‌ಪೋರ್ಟೇ. ಕಾಮನ್‌ವೆಲ್ತ್ ದೇಶದವಳು ಅಂತ ಲಂಡನ್ ಪಾರ್ಲಿಮೆಂಟಿಗೂ, ಇಲ್ಲಿನ ಸ್ಟಾರ್ಮಂಟ್ ಅಸೆಂಬ್ಲಿಗೂ, ಕೌನ್ಸಿಲಿಗೂ ಮತ ಹಾಕಿದೆ. ನೀವು ಈಚೆ, ಅಂದ್ರೆ ನಿಮ್ಮ ಕಡೆ, ಅದೇ ಪಾಸ್‌ಪೋರ್ಟಿನಲ್ಲಿ ಸ್ಥಳೀಯ ಚುನಾವಣೆಗೆ ಮಾತ್ರ ಹಾಕಬಹುದು. ಒಂದೇ ಪಕ್ಷದ ಹೆಸರು ನನ್ನ ಚೀಟಿಯಲ್ಲಿ ಮೂರು ಸಲ ಬರ್ತದೆ, ನಿಮ್ಮದರಲ್ಲಿ ಒಂದು ಸಲ.

ಜನ ಯಾಕೆ ಮತ ಹಾಕ್ತಾರೆ ಅಂತ ಉಣಕಲ್‌ನವರು ಕೇಳಿದ್ರಲ್ಲ. ನಾನು ಕಂಡದ್ದು ಹೇಳ್ತೇನೆ. ಫಾಲ್ಸ್ ರೋಡಿನ ಕಡೆ ಇದ್ದಾಗ ಮನೆ ಬಾಡಿಗೆಯ ನೆರವಿನ ಅರ್ಜಿ, ಗೋಡೆಗೆ ಬಂದ ಬೂಷ್ಟು, ಬೀದಿ ದೀಪ ಇಂಥದಕ್ಕೆಲ್ಲ ಪಕ್ಕದ ಮನೆಯ ಅಜ್ಜಿ ಹೋಗ್ತಿದ್ದದ್ದು ಪಕ್ಷದ ಕಚೇರಿಗೆ. ಗೆದ್ದವರು ಲಂಡನ್ನಿನ ಸಭೆಗೆ ಹೋಗಲಿಕ್ಕಿಲ್ಲ, ಆದರೆ ಕಚೇರಿ ತೆರೆದಿರ್ತದೆ. ಸಭೆಯಲ್ಲಿ ಕೂರದವರಿಗೆ ಅಲ್ಲಿನ ಸಂಬಳವಿಲ್ಲ, ಕಚೇರಿಯ ಖರ್ಚಿಗೆ ಭತ್ಯೆ ಉಂಟು. ಆ ಅಜ್ಜಿಗೆ ಹಂಗೇರಿ ಗೊತ್ತಿರಲಿಲ್ಲ. ಅರ್ಜಿ ತುಂಬಿಕೊಟ್ಟ ಹುಡುಗಿಯ ಹೆಸರು ಗೊತ್ತಿತ್ತು.

ಸಹ್ಯಾದ್ರಿ ಮಳೆ

ಇಲ್ಲೊಂದು ಮಾತು ಬಿಟ್ಟುಹೋಗುತ್ತಿದೆ, ನಾನು ಬಿಡಲು ತಯಾರಿಲ್ಲ. ಶಿನ್ ಫೇನ್ ಗಡಿ ದಾಟಿ ಉಳಿದಿದ್ದು ಬರೀ ಕಚೇರಿಯ ಕೆಲಸದಿಂದಲ್ಲ. ಅದರ ಜೊತೆ ಐಆರ್‌ಎ ಎಂಬ ಸಶಸ್ತ್ರ ಗುಂಪು ಇತ್ತು. 1960ರ ದಶಕದ ಕೊನೆಯಿಂದ 1998ರವರೆಗೆ 3,500ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಅತಿ ಹೆಚ್ಚು ಜನರನ್ನು ಕೊಂದಿದ್ದು ಐಆರ್‌ಎ. ಬ್ರಿಟಿಷ್ ಸೈನ್ಯ ಡೆರಿಯಲ್ಲಿ 1972ರ ಜನವರಿ 30ರಂದು ನಿರಾಯುಧರ ಮೇಲೆ ಗುಂಡು ಹಾರಿಸಿ 13 ಜನರನ್ನು ಅಲ್ಲೇ ಕೊಂದಿತು, ಯೂನಿಯನಿಸ್ಟ್ ಗುಂಪುಗಳೂ ಕೊಂದವು. ಎಲ್ಲ ನಿಜ. ಆದರೆ ಪೇಟೆಯಲ್ಲಿ ಬಾಂಬ್ ಇಟ್ಟವರ ಪರ ನಿಂತ ಪಕ್ಷವನ್ನು ಸಂಘಟನೆಯ ಮಾದರಿ ಎಂದು ಮಾತ್ರ ನೋಡಲು ನನಗೆ ಆಗುವುದಿಲ್ಲ.

ಎಸ್‌ಡಿಎಲ್‌ಪಿಯನ್ನು ನಿವಾಸಿಯವರು ಒಂದು ಸಾಲಿನಲ್ಲಿ ದಾಟಿಸಿಬಿಟ್ಟರು. 1970ರ ಆಗಸ್ಟಿನಲ್ಲಿ ಗೆರಿ ಫಿಟ್, ಜಾನ್ ಹ್ಯೂಮ್, ಆಸ್ಟಿನ್ ಕರಿ, ಪ್ಯಾಡಿ ಡೆವ್ಲಿನ್ ಮೊದಲಾದವರು ಕಟ್ಟಿದ ಪಕ್ಷ. ನಾಗರಿಕ ಹಕ್ಕಿನ ಚಳವಳಿಯಿಂದ ಬಂದವರು. ಕೌನ್ಸಿಲ್ ಮನೆ ಹಂಚಿಕೆಯ ಅನ್ಯಾಯ ಎತ್ತಿ ತೋರಿಸಲು ಕರಿ 1968ರಲ್ಲಿ ಕ್ಯಾಲಿಡನ್ ಎಂಬ ಹಳ್ಳಿಯ ಮನೆಯೊಂದರ ಒಳಗೆ ಹೋಗಿ ಕೂತಿದ್ದರು. ಹ್ಯೂಮ್ ಹೇಳುತ್ತಾ ಬಂದದ್ದು ಒಂದೇ: ಒಡೆದಿರುವುದು ನೆಲ ಅಲ್ಲ, ಜನ. ಯೂನಿಯನಿಸ್ಟರ ಒಪ್ಪಿಗೆ ಇಲ್ಲದ ಐಕ್ಯತೆ ಐಕ್ಯತೆಯೇ ಅಲ್ಲ. ಆ ಹಿಂಸೆಗೆ ತೆರೆ ಎಳೆದ 1998ರ ಗುಡ್ ಫ್ರೈಡೆ ಒಪ್ಪಂದದ ಅಸ್ಥಿಪಂಜರ ಅವರದ್ದು. ಎಸ್‌ಡಿಎಲ್‌ಪಿಗೆ ದಕ್ಷಿಣದಲ್ಲಿ ಶಾಖೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹ್ಯೂಮ್ ಡಬ್ಲಿನ್ನಿಗೆ ಹೋದರೆ ಫೀನ ಫಾಲ್, ಫಿನ್ನ ಗೇಲ್, ಲೇಬರ್ ಮೂರೂ ಪಕ್ಷದ ಬಾಗಿಲು ಅವರಿಗೆ ತೆರೆಯುತ್ತಿತ್ತು. ಗಡಿ ದಾಟಿ ರಾಜಕಾರಣ ಮಾಡಲು ಅದೂ ಒಂದು ದಾರಿ. ನನಗೆ ಅದೇ ದೊಡ್ಡ ದಾರಿ.

ಡಂಡಾಕ್ ನಿವಾಸಿ

ಸಹ್ಯಾದ್ರಿ ಸರ್, ತಿದ್ದಿದ್ದಕ್ಕೆ ಕೃತಜ್ಞತೆ. ನಮ್ಮೂರ ಸುತ್ತಲೂ ಆ ಸಾವುಗಳ ನೆನಪು ಇನ್ನೂ ಹಸಿ, ನಾನು ಹಗುರವಾಗಿ ಬರೆಯಬಾರದಿತ್ತು.

ಆದರೆ ಆ ಮೂರು ಬಾಗಿಲೇ ಎಸ್‌ಡಿಎಲ್‌ಪಿಗೆ ಆಮೇಲೆ ತೊಡಕಾಯಿತು ಅನಿಸುತ್ತದೆ. ಆಸ್ಟಿನ್ ಕರಿ 1974ರಲ್ಲಿ ಉತ್ತರದ ಅಧಿಕಾರ ಹಂಚಿಕೆಯ ಸರ್ಕಾರದಲ್ಲಿ ಸಚಿವರು. ಆ ಸರ್ಕಾರ ಯೂನಿಯನಿಸ್ಟ್ ಕಾರ್ಮಿಕರ ಮುಷ್ಕರಕ್ಕೆ ಆ ಮೇ ತಿಂಗಳಲ್ಲೇ ಬಿತ್ತು. ಆಮೇಲೆ ಅವರು ದಕ್ಷಿಣಕ್ಕೆ ಬಂದು 1989ರಲ್ಲಿ ಫಿನ್ನ ಗೇಲ್‌ನಿಂದ ಡಾಲ್ ಸೇರಿದರು, ಮುಂದೆ ಇಲ್ಲೂ ರಾಜ್ಯ ಸಚಿವರಾದರು. ಎರಡೂ ಕಡೆ ಸರ್ಕಾರದಲ್ಲಿದ್ದವರು, ಆದರೆ ಪಕ್ಷ ಬದಲಿಸಿ, ಮನೆ ಬದಲಿಸಿ. 2019ರಲ್ಲಿ ಎಸ್‌ಡಿಎಲ್‌ಪಿಯ ಹಳೇ ನಾಯಕ ಮಾರ್ಕ್ ಡರ್ಕನ್ ಡಬ್ಲಿನ್ನಿನಲ್ಲಿ ಯುರೋಪಿಯನ್ ಪಾರ್ಲಿಮೆಂಟಿಗೆ ಫಿನ್ನ ಗೇಲ್ ಟಿಕೆಟ್‌ನಲ್ಲಿ ನಿಂತು ಸೋತರು. ಅದೇ ವರ್ಷ ಜನವರಿಯಲ್ಲಿ ಎಸ್‌ಡಿಎಲ್‌ಪಿ ಕೈ ಹಿಡಿದದ್ದು ಫೀನ ಫಾಲ್‌ನದ್ದು! ಲೇಬರ್‌ನವರು ಹಳೇ ಸ್ನೇಹಿತರು ಬೇರೆ. ಫೀನ ಫಾಲ್ ಜೊತೆಗಿನ ಆ ಹೊಂದಾಣಿಕೆ 2022ರಲ್ಲಿ ಮುಗಿಯಿತು. ಫೀನ ಫಾಲ್ 2007ರಲ್ಲೇ ಉತ್ತರದಲ್ಲಿ ಪಕ್ಷವಾಗಿ ನೋಂದಾಯಿಸಿಕೊಂಡಿತ್ತು, ವಿದ್ಯಾರ್ಥಿಗಳ ನಡುವೆ ಶಾಖೆಯನ್ನೂ ತೆರೆದಿತ್ತು. ಚುನಾವಣೆಗೆ ನಿಲ್ಲಲಿಲ್ಲ. ಎಲ್ಲರ ಸ್ನೇಹವೂ ಬೇಕಾದ ಪಕ್ಷ ಯಾರೊಬ್ಬರ ಜೊತೆಯೂ ಒಂದಾಗಲಾರದು.

ಹಳೆ ಪೇಪರ್ ಓದುಗ

ಉಣಕಲ್‌ನವರ ಎರಡನೇ ಪ್ರಶ್ನೆಗೆ ಈಗ ಬರುತ್ತೇನೆ. ಶಿನ್ ಫೇನ್ ಲಂಡನ್ನಿಗೆ ಮಾತ್ರವಲ್ಲ, ಡಬ್ಲಿನ್ನಿನ ಡಾಲ್‌ಗೂ ಹೋಗುತ್ತಿರಲಿಲ್ಲ. ವಿಭಜನೆಯಿಂದ ಹುಟ್ಟಿದ್ದು, ಆದ್ದರಿಂದ ಅಸಲಿಯಲ್ಲ ಎಂಬ ವಾದ. ಇದನ್ನು ಬಿಡಬೇಕೋ ಬೇಡವೋ ಎಂಬ ಜಗಳದಲ್ಲೇ 1970ರ ಜನವರಿಯಲ್ಲಿ ಪಕ್ಷ ಒಡೆದಿತ್ತು.

ತಿರುವು ಬಂದದ್ದು 1981ರಲ್ಲಿ. ಜೈಲಿನಲ್ಲಿ ಉಪವಾಸ ಕೂತಿದ್ದ ಐಆರ್‌ಎ ಕೈದಿ ಬಾಬಿ ಸ್ಯಾಂಡ್ಸ್ ಏಪ್ರಿಲ್ 9ರಂದು ಫರ್ಮಾನಾ ಮತ್ತು ಸೌತ್ ಟಿರೋನ್ ಕ್ಷೇತ್ರದಿಂದ ಲಂಡನ್ ಪಾರ್ಲಿಮೆಂಟಿಗೆ ಗೆದ್ದರು. ಮೇ 5ರಂದು ತೀರಿಕೊಂಡರು. ಆ ಉಪವಾಸದಲ್ಲಿ ಒಟ್ಟು ಹತ್ತು ಜನ ಸತ್ತರು. ಜೂನ್‌ನಲ್ಲಿ ದಕ್ಷಿಣದ ಚುನಾವಣೆಯಲ್ಲೂ ಇಬ್ಬರು ಕೈದಿಗಳು ಗೆದ್ದರು. ಕ್ಯಾವನ್–ಮೊನಹನ್‌ನಲ್ಲಿ ಉಪವಾಸನಿರತ ಕೀರನ್ ಡೊಹರ್ಟಿ, ನಿಮ್ಮದೇ ಲೌತ್‌ನಲ್ಲಿ ಪ್ಯಾಡಿ ಆಗ್ನ್ಯೂ. ಮತಪೆಟ್ಟಿಗೆಗೆ ಏನು ಶಕ್ತಿ ಇದೆ ಎಂದು ಆ ಚಳವಳಿಗೆ ಆಗ ಕಂಡಿತು. 1986ರಲ್ಲಿ, ಗೆದ್ದರೆ ಡಾಲ್‌ಗೆ ಹೋಗೋಣ ಎಂದು ತೀರ್ಮಾನಿಸಿದರು. ಒಪ್ಪದ ರೂರಿ ಓ ಬ್ರಾಡಿ ಮತ್ತು ಅವರ ಕಡೆಯವರು ಎದ್ದು ಹೋದರು. ಮುಂದಿನ ವರ್ಷ ದಕ್ಷಿಣದಲ್ಲಿ ಸಿಕ್ಕಿದ್ದು ಶೇ 1.9 ಮತ, 1992ರಲ್ಲಿ ಶೇ 1.6. ಸಹ್ಯಾದ್ರಿಯವರು ಹೇಳಿದ ಬಾಂಬುಗಳನ್ನು ದಕ್ಷಿಣದ ಮತದಾರ ಮರೆತಿರಲಿಲ್ಲ. ಆ ತೀರ್ಮಾನದ ನಂತರ ಡಾಲ್‌ನಲ್ಲಿ ಮೊದಲ ಸೀಟು ಸಿಕ್ಕಿದ್ದು 1997ರಲ್ಲಿ, ಐಆರ್‌ಎ ಬಂದೂಕು ಕೆಳಗಿಡಲು ಒಪ್ಪುವ ಹೊತ್ತಿಗೆ, ಅದೂ ಗಡಿಗೆ ತಾಗಿದ ಕ್ಯಾವನ್–ಮೊನಹನ್‌ನಿಂದ. ಗಡಿಯಿಂದ ಶುರುವಾಗಿ ಒಳನಾಡಿಗೆ ಇಳಿದ ಪಕ್ಷ ಅದು. 2011ರಲ್ಲಿ 14, 2016ರಲ್ಲಿ 23, 2020ರಲ್ಲಿ 37.

ಲೆಕ್ಕದ ಪುಸ್ತಕ

2020ರ ಲೆಕ್ಕ ನೋಡಿ. ಶಿನ್ ಫೇನ್‌ಗೆ ಮೊದಲ ಆಯ್ಕೆಯ ಮತ ಶೇ 24.5, ಎಲ್ಲರಿಗಿಂತ ಹೆಚ್ಚು. ನಿಲ್ಲಿಸಿದ್ದು 42 ಜನರನ್ನು ಮಾತ್ರ, ಗೆದ್ದದ್ದು 37. ಇಲ್ಲಿ ಒಂದು ಕ್ಷೇತ್ರಕ್ಕೆ ಮೂರರಿಂದ ಐದು ಸ್ಥಾನ. ಮತದಾರ 1, 2, 3 ಎಂದು ಅಂಕಿ ಬರೆಯುತ್ತಾನೆ. ಗೆಲ್ಲಲು ಬೇಕಾದಷ್ಟಕ್ಕಿಂತ ಹೆಚ್ಚು ಬಂದ ಮತ ಮುಂದಿನ ಆಯ್ಕೆಗೆ ಹರಿಯುತ್ತದೆ. ಎರಡನೇ ಅಭ್ಯರ್ಥಿ ಇಲ್ಲದ ಕಡೆ ಶಿನ್ ಫೇನ್‌ನ ಹೆಚ್ಚುವರಿ ಮತ ಬೇರೆಯವರನ್ನು ಗೆಲ್ಲಿಸಿತು. ಅಷ್ಟು ಜನ ತಮಗೆ ಮತ ಹಾಕುತ್ತಾರೆಂದು ಪಕ್ಷಕ್ಕೇ ಗೊತ್ತಿರಲಿಲ್ಲ. ಮನೆ ಸಿಗದ, ಬಾಡಿಗೆ ಕಟ್ಟಲಾಗದ ಯುವಕರ ಮತ ಅದು. ಐಕ್ಯತೆಗೆ ಬಿದ್ದ ಮತ ಎಂದು ನಾನು ಒಪ್ಪುವುದಿಲ್ಲ.

ಎರಡು ಕಡೆ ನಿಲ್ಲುವ ಪಕ್ಷದ ಕಷ್ಟವೂ ಅಲ್ಲೇ ಇದೆ. ಉತ್ತರದಲ್ಲಿ ಲಂಡನ್ನಿನಿಂದ ಬರುವ ಹಣದಲ್ಲಿ ಸರ್ಕಾರ ನಡೆಸಬೇಕು, ಅದೂ ಯೂನಿಯನಿಸ್ಟರ ಜೊತೆ. ದಕ್ಷಿಣದಲ್ಲಿ ವಿರೋಧ ಪಕ್ಷ. 2015ರಲ್ಲಿ ಸ್ಟಾರ್ಮಂಟ್‌ನಲ್ಲಿ ಕಲ್ಯಾಣ ನೆರವಿನ ಕಡಿತ ದೊಡ್ಡ ಬಿಕ್ಕಟ್ಟಾದಾಗ ಡಬ್ಲಿನ್ನಿನ ಎದುರಾಳಿಗಳು ಕೇಳಿದ್ದು ಇದನ್ನೇ: ಇಲ್ಲಿ ಕಡಿತ ಬೇಡ ಅಂತೀರಿ, ಅಲ್ಲಿ ಏನು ಮಾಡುತ್ತಿದ್ದೀರಿ? ಪ್ರತಿ ನಿಲುವನ್ನೂ ಎರಡು ಕಾನೂನು, ಎರಡು ನಾಣ್ಯ, ಎರಡು ಆಸ್ಪತ್ರೆ ವ್ಯವಸ್ಥೆಗೆ ಹೊಂದಿಸಬೇಕು. ಗರ್ಭಪಾತದ ನಿಲುವಿನ ಮೇಲೆ ಪೆಡರ್ ಟೋಬಿನ್ ಹೊರಬಂದು 2019ರಲ್ಲಿ ಅಯಾಂಟು ಎಂಬ ಪಕ್ಷ ಕಟ್ಟಿದರು, ಅದೂ ಎರಡೂ ಕಡೆ ನಿಲ್ಲುತ್ತದೆ. ಗ್ರೀನ್ ಪಕ್ಷವೂ ಇಡೀ ದ್ವೀಪದ್ದು. ನಿವಾಸಿಯವರು "ದೊಡ್ಡ" ಎಂದು ಸೇರಿಸಿದ್ದರಿಂದ ಶೀರ್ಷಿಕೆ ಸರಿ ಉಳಿಯಿತು.

ಉಣಕಲ್ ಕೆರಿ ದಂಡಿ

ಉತ್ತರದಾಗ ಈಗ ಅವರದ ಮುಖ್ಯಮಂತ್ರಿ ಅಲ್ಲೇನ್ರಿ?

ಲಗಾನ್ ತೀರದಾಕೆ

ಹೌದು. 2022ರ ಮೇ ತಿಂಗಳಲ್ಲಿ ಅಸೆಂಬ್ಲಿಯಲ್ಲಿ ಶಿನ್ ಫೇನ್‌ಗೆ 27, ಯೂನಿಯನಿಸ್ಟರ ದೊಡ್ಡ ಪಕ್ಷ ಡಿಯುಪಿಗೆ 25. ರಾಷ್ಟ್ರವಾದಿ ಪಕ್ಷ ಮೊದಲ ಸ್ಥಾನಕ್ಕೆ ಬಂದದ್ದು ಈ ರಾಜ್ಯ ಹುಟ್ಟಿದ ಮೇಲೆ ಮೊದಲ ಸಲ. ಬ್ರೆಕ್ಸಿಟ್ ಒಪ್ಪಂದದ ಸಿಟ್ಟಿಗೆ ಡಿಯುಪಿ ಎರಡು ವರ್ಷ ಸರ್ಕಾರ ಸೇರಲಿಲ್ಲ. 2024ರ ಫೆಬ್ರವರಿ 3ಕ್ಕೆ ಮಿಶೆಲ್ ಓ'ನೀಲ್ ಫಸ್ಟ್ ಮಿನಿಸ್ಟರ್ ಆದರು. ಜೊತೆಗೆ ಡಿಯುಪಿಯ ಎಮ್ಮಾ ಲಿಟಲ್-ಪೆಂಗೆಲಿ. ಹೆಸರಿನಲ್ಲಿ ಉಪ ಅಂತ ಉಂಟು, ಅಧಿಕಾರ ಇಬ್ಬರಿಗೂ ಸಮ. ಆ ದಿವಸ ನಾನು ಡ್ಯೂಟಿಯಲ್ಲಿದ್ದೆ. ವಾರ್ಡಿನ ಟಿವಿ ಮುಂದೆ ಒಬ್ಬ ಹೆಂಗಸು ಅಳ್ತಾ ಇದ್ದರು, ಪಕ್ಕದ ಮಂಚದ ಹೆಂಗಸು ಮುಖ ಆ ಕಡೆ ತಿರುಗಿಸಿ ಮಲಗಿದ್ದರು. ಇಬ್ಬರಿಗೂ ಚಹಾ ಕೊಟ್ಟದ್ದು ನಾನೇ. ಲೆಕ್ಕದ ಪುಸ್ತಕದವರೇ, ನೀವು ಹೇಳಿದ ಅಂಕಿಯೆಲ್ಲ ಸರಿ, ಆದರೆ ಆ ಎರಡನೇ ಮಂಚದವರ ಹತ್ತಿರ ಯಾವ ರಾಷ್ಟ್ರವಾದಿ ಪಕ್ಷವೂ ಸರಿಯಾಗಿ ಮಾತಾಡಿಲ್ಲ. ಗಡಿಯ ಎರಡು ಕಡೆ ಕಚೇರಿ ಇಟ್ಟವರು ನಮ್ಮದೇ ಬೀದಿಯ ಎರಡು ಕಡೆ ಕಚೇರಿ ಇಡಲಿಕ್ಕೆ ಆಗಲಿಲ್ಲ.

ಸಹ್ಯಾದ್ರಿ ಮಳೆ

ಅಕ್ಕಾ, ನಾನು ಎರಡು ಪ್ಯಾರಾದಲ್ಲಿ ಹೇಳಲು ಹೋದದ್ದು ಇದೇ. ಉತ್ತರದ 2021ರ ಜನಗಣತಿಯಲ್ಲಿ ಕ್ಯಾಥೊಲಿಕ್ ಹಿನ್ನೆಲೆಯವರು ಶೇ 45.7, ಪ್ರಾಟೆಸ್ಟೆಂಟ್ ಮತ್ತಿತರ ಕ್ರೈಸ್ತ ಹಿನ್ನೆಲೆಯವರು ಶೇ 43.5. ಇಬ್ಬರಿಗೂ ಬಹುಮತ ಇಲ್ಲ. 1998ರ ಒಪ್ಪಂದದ ಪ್ರಕಾರ, ಬಹುಮತ ಐಕ್ಯತೆಯ ಕಡೆ ಬಂದಿರುವಂತೆ ಕಂಡರೆ ಲಂಡನ್ನಿನ ಸಚಿವರು ಜನಮತಗಣನೆ ಕರೆಯಬೇಕು. ಹೇಗೆ ಕಂಡುಕೊಳ್ಳಬೇಕು ಎಂದು ಎಲ್ಲೂ ಬರೆದಿಲ್ಲ. 1973ರಲ್ಲಿ ಒಮ್ಮೆ ಕರೆದಾಗ ರಾಷ್ಟ್ರವಾದಿಗಳು ಬಹಿಷ್ಕರಿಸಿದರು, ಶೇ 98.9 ಬ್ರಿಟನ್ನಿನಲ್ಲೇ ಇರೋಣ ಎಂದು ಬಂತು. ಒಂದು ಕಡೆಯವರೇ ಮತ ಹಾಕಿದ ಲೆಕ್ಕದಿಂದ ಏನೂ ಬಗೆಹರಿಯಲಿಲ್ಲ.

ಡಂಡಾಕ್ ನಿವಾಸಿ

ಎಲ್ಲ ಓದಿದ ಮೇಲೆ ನನ್ನ ಪ್ರಶ್ನೆಯೇ ಬದಲಾಗಿದೆ. ದಕ್ಷಿಣದ ಪಕ್ಷಗಳು ಯಾಕೆ ಹೋಗಲಿಲ್ಲ ಎನ್ನುವುದಕ್ಕಿಂತ, ಆಚೆಯವರನ್ನು ನಾವು ಹೇಗೆ ಎಣಿಸಿದೆವು ಎನ್ನುವುದು ಈಗ ಕಾಡುತ್ತಿದೆ. 2011ರಲ್ಲಿ ಮಾರ್ಟಿನ್ ಮೆಗಿನಸ್ ಐರ್ಲೆಂಡಿನ ಅಧ್ಯಕ್ಷ ಸ್ಥಾನಕ್ಕೆ ನಿಂತು ಮೂರನೆಯವರಾದರು. ಡೆರಿಯವರಾದ ಅವರಿಗೆ ಆ ಚುನಾವಣೆಯಲ್ಲಿ ಮತವಿರಲಿಲ್ಲ. ನಿಲ್ಲಬಹುದು, ಹಾಕುವಂತಿಲ್ಲ. ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಮೇರಿ ಮ್ಯಾಕಲೀಸ್ ಹದಿನಾಲ್ಕು ವರ್ಷ ಅಧ್ಯಕ್ಷರಾಗಿದ್ದ ದೇಶ ಇದು. ಉತ್ತರದವರಿಗೂ ಆ ಮತ ಕೊಡಿ ಎಂದು ಸಂವಿಧಾನ ಸಮಾವೇಶ 2013ರಲ್ಲೇ ಶಿಫಾರಸು ಮಾಡಿತು. 2025ರ ಅಧ್ಯಕ್ಷ ಚುನಾವಣೆಯೂ ಆಯಿತು, ಆಗಲೂ ಕೊಟ್ಟಿರಲಿಲ್ಲ. ಇದಕ್ಕೆ ಯೂನಿಯನಿಸ್ಟರ ಒಪ್ಪಿಗೆಯಾಗಲಿ ಲಂಡನ್ನಿನ ಸಹಿಯಾಗಲಿ ಬೇಕಿಲ್ಲ, ಇಲ್ಲಿನವರೇ ಜನಮತ ತೆಗೆದುಕೊಂಡು ಮಾಡಬಹುದಾದ ಕೆಲಸ.

ಅಕ್ಕಾ, ಮುಂದಿನ ಅಸೆಂಬ್ಲಿ ಚುನಾವಣೆ ಎಂದು?

ಲಗಾನ್ ತೀರದಾಕೆ

2027ರ ಮೇ. ಕೌನ್ಸಿಲಿಗೂ ಆಗಲೇ. ಎಣಿಕೆ ಎರಡು ದಿವಸ ನಡೀತದೆ, ಸುತ್ತಿನ ಮೇಲೆ ಸುತ್ತು. ನಾನು ಅಂಕಿ ಬರೆಯುವಾಗ ಎರಡೂ ಕಡೆಯವರ ಹೆಸರಿಗೂ ಬರೀತೇನೆ, ಒಂದಾದರೂ ಗೆರೆ ದಾಟಲಿ ಅಂತ. ವೀಸಾಕ್ಕೆ ಈಗಲೇ ಹಾಕಿಡಿ ತಮ್ಮಾ, ಮನೆಯಲ್ಲಿ ಜಾಗ ಉಂಟು.